ಆಂಟಿಯೊಂದಿಗೆ ಮೈನ್ ನದಿಯ ಮೇಲೆ

ಮಲೇಷಿಯಾದ ಮೆಲಾಕಾದಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಎದೆಮಟ್ಟದ ಒಂದು ಗೋಡೆ. ನನ್ನ ಮಗಳು ಬೆಳೆದದ್ದು ಆ ಗೋಡೆಯ ಎರಡೂ ಬದಿಗಳಲ್ಲಿ. ಮೈಸೂರಿನಿಂದ ಬಂದು ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಹೇಳಲು ನಾನು ಸೇರಿದಾಗ ಅವಳಿಗೆ ಇನ್ನೂ ಹಲ್ಲು ಮೂಡಿರಲಿಲ್ಲ. ನನ್ನ ಗಂಡನಿಗೆ ದೂರದ ಸೈಬರ್‌ಜಯಾದಲ್ಲಿ ಕೆಲಸ. ಬೆಳಕು ಹರಿಯುವ ಮೊದಲೇ ಕಾರು ಹತ್ತುತ್ತಿದ್ದರು. ಮಗುವನ್ನು ಯಾರ ಕೈಗೆ ಒಪ್ಪಿಸಿ ಕಾಲೇಜಿಗೆ ಹೋಗಲಿ ಎಂದು ಅಂಗಳದಲ್ಲಿ ಅದನ್ನು ಹೆಗಲ ಮೇಲೆ ಹಾಕಿಕೊಂಡು ಓಡಾಡುತ್ತಿದ್ದ ಒಂದು ಬೆಳಿಗ್ಗೆ ಗೋಡೆಯಾಚೆಯಿಂದ ದನಿ ಕೇಳಿತು.

"ನೀವು ಕನ್ನಡದವರಾ? ಮಗುವನ್ನು ಇತ್ತ ಕೊಡಿ ಮಾರಾಯ್ತಿ. ಎಷ್ಟು ಹೊತ್ತಿಂದ ಅಳ್ತಾ ಉಂಟು ಅದು."

ಹಾಗೆ ನಮಗೆ ಸಿಕ್ಕಿದವರು ಆಂಟಿ. ಮಂಗಳೂರಿನ ಕಡೆಯ ಕ್ರಿಶ್ಚಿಯನ್ ಮನೆತನದವರು, ಮನೆಮಾತು ಕೊಂಕಣಿ. ಗಂಡ ಡಾಕ್ಟರಾಗಿದ್ದವರು, ತೀರಿಹೋಗಿದ್ದರು. ಆಂಟಿ ತಾವೂ ನರ್ಸ್ ಆಗಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಅಂದಿನಿಂದ ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾಗುವವರೆಗೆ ಹಗಲೆಲ್ಲ ಅವರ ಮನೆಯಲ್ಲೇ ಇದ್ದಳು. ಅವಳಿಗೆ ಜ್ವರ ಬಂದರೆ ನನಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು. ಅವಳು ಮೊದಲು ಕಲಿತ ಪದಗಳಲ್ಲಿ ಅರ್ಧ ಕೊಂಕಣಿ. ಇದಕ್ಕೆಲ್ಲ ಪ್ರತಿಯಾಗಿ ಏನನ್ನೂ ಮಾಡಲು ಆಂಟಿ ನನಗೆ ಅವಕಾಶ ಕೊಟ್ಟವರಲ್ಲ. ಹಬ್ಬಕ್ಕೆ ಸೀರೆ ಕೊಟ್ಟರೆ ಮುಂದಿನ ಹಬ್ಬದಲ್ಲಿ ನನಗೆ ಅದಕ್ಕಿಂತ ಒಳ್ಳೆಯ ಸೀರೆ ಬರುತ್ತಿತ್ತು.

ಮಗಳು ಈಗ ಕ್ವಾಲಾಲಂಪುರದಲ್ಲಿ ಕೆಲಸಕ್ಕಿದ್ದಾಳೆ, ಅಲ್ಲಿನ ಬಾಂಗ್ಸಾರ್‌ನಲ್ಲಿ ಗೆಳತಿಯರ ಜೊತೆ ಮನೆ ಮಾಡಿದ್ದಾಳೆ. ಆಂಟಿಗೆ ಎಪ್ಪತ್ತೈದು ದಾಟಿದೆ. ಕಳೆದ ವರ್ಷ ಒಂದು ಸಂಜೆ ಅವರು ಗೋಡೆಯ ಹತ್ತಿರ ಬಂದು, ಯಾವುದೋ ತಪ್ಪು ಮಾಡಿದವರ ಹಾಗೆ ತಗ್ಗಿದ ದನಿಯಲ್ಲಿ ಕೇಳಿದರು. "ನಿನಗೆ ಮೇ ತಿಂಗಳಲ್ಲಿ ರಜೆ ಸಿಗ್ತದಾ?"

ವಿಷಯ ಇಷ್ಟು. ಪರ್ತ್‌ನಲ್ಲಿರುವ ಅವರ ಮಗ ತಾಯಿಯನ್ನು ಜರ್ಮನಿಗೆ ಕರೆದುಕೊಂಡು ಹೋಗಬೇಕೆಂದು ನದಿಯ ಹಡಗಿನ ಪ್ರವಾಸವೊಂದನ್ನು ಗೊತ್ತುಮಾಡಿದ್ದ. ನ್ಯೂರೆಂಬರ್ಗ್‌ನಲ್ಲಿ ಹತ್ತಿ, ಮೈನ್ ನದಿಯ ಹಳೆಯ ಊರುಗಳನ್ನು ನೋಡುತ್ತ, ರೈನ್ ನದಿಗೆ ಇಳಿದು ಕಲೋನ್‌ವರೆಗೆ ಹೋಗುವುದು. ಈಗ ಅವನಿಗೆ ಕೆಲಸ ಬಿಟ್ಟು ಬರಲಾಗುತ್ತಿಲ್ಲ. ಒಬ್ಬರೇ ಹೋಗಲು ಆಂಟಿಗೆ ಧೈರ್ಯವಿಲ್ಲ.

"ಆಗದಿದ್ರೆ ಬಿಡು. ನನ್ನಂಥ ಮುದುಕಿಯನ್ನು ಎಳ್ಕೊಂಡು ತಿರುಗುದು ಅಂದ್ರೆ ನಿನಗೆ ಹೊರೆ" ಎಂದರು.

"ಜರ್ಮನಿಗೇ ಯಾಕೆ ಆಂಟಿ?" ಎಂದೆ.

"ನಾನು ನರ್ಸಿಂಗ್ ಕಲ್ತದ್ದು ಅಲ್ಲಿಯೇ ಅಲ್ವಾ. ಹೇಳಿರ್ಲಿಲ್ವಾ ನಾನು?"

ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ, ಮಂಗಳೂರಿನ ಇನ್ನು ಕೆಲವು ಹುಡುಗಿಯರ ಜೊತೆ, ಸನ್ಯಾಸಿನಿಯರು ನಡೆಸುತ್ತಿದ್ದ ಒಂದು ಆಸ್ಪತ್ರೆಗೆ ಅವರು ಹೋಗಿದ್ದರಂತೆ. ಊರು ವ್ಯೂರ್ಟ್ಸ್‌ಬುರ್ಗ್, ಮೈನ್ ನದಿಯ ದಡದಲ್ಲಿದೆ. ಕೆಲವು ವರ್ಷ ಅಲ್ಲಿದ್ದು, ಮದುವೆಯಾಗಿ ಮಲೇಷಿಯಾಕ್ಕೆ ಬಂದವರು ಮತ್ತೆ ಅತ್ತ ತಲೆ ಹಾಕಿರಲಿಲ್ಲ.

ಮಗಳಿಗೆ ಫೋನ್ ಮಾಡಿ ಹೇಳಿದೆ. ನಾನು ಕನ್ನಡದಲ್ಲಿ ಮಾತಾಡುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ; ನಮ್ಮಿಬ್ಬರ ರೂಢಿ ಹಾಗೆ. "ಗೋ ಲಾ, ಅಮ್ಮಾ! ವಾಟ್ ಈಸ್ ದೇರ್ ಟು ಥಿಂಕ್?" ಎಂದಳು. ಕೊನೆಗೂ ಆಂಟಿಯನ್ನು ನೋಡಿಕೊಳ್ಳುವ ಸರದಿ ನನಗೆ ಬಂತು ಎಂಬ ಸಂತೋಷದಲ್ಲಿ ನಾನು ರಜೆ ಹಾಕಿದೆ. ಅವರ ಮಾತ್ರೆಗಳು, ಮಂಡಿಗೆ ಹಚ್ಚುವ ಎಣ್ಣೆ, ಮಡಚುವ ಊರುಗೋಲು ಎಲ್ಲವನ್ನೂ ನಾನೇ ಜೋಡಿಸಿ ಇಟ್ಟೆ.

ನಮ್ಮ ಗುಂಪಿನಲ್ಲಿ ಹೆಚ್ಚಿನವರು ಮಲೇಷಿಯಾದವರೇ. ಇಪೋ ಊರಿನ ನಿವೃತ್ತ ಶಾಲಾ ಮೇಷ್ಟ್ರು ಮತ್ತು ಅವರ ಹೆಂಡತಿ, ಚೀನೀ ದಂಪತಿ, ನಮ್ಮ ಪಕ್ಕದ ಕ್ಯಾಬಿನ್ನಿನಲ್ಲಿದ್ದರು. ಆ ಹೆಂಗಸು ಮೊದಲ ದಿನವೇ ತಮ್ಮ ಚೀಲದಿಂದ ಬರೀ ಮೆಣಸಿನಕಾಯಿಯ ಸಾಂಬಲ್ ಬಾಟಲಿ ತೆಗೆದು ನಮ್ಮ ಮೇಜಿನ ಮೇಲಿಟ್ಟು, "ಇಲ್ಲಿಯವರ ಊಟಕ್ಕೆ ಇದಿಲ್ಲದೆ ಆಗೋದಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾನು ಸಸ್ಯಾಹಾರಿ. ಅದು ಬಿಳಿ ಆಸ್ಪರಾಗಸ್ ತರಕಾರಿ ಬೆಳೆಯುವ ಕಾಲವಾದ್ದರಿಂದ ಸೂಪಿನಲ್ಲಿ ಅದು, ಆಲೂಗಡ್ಡೆಯ ಜೊತೆ ಅದು, ಬೆಣ್ಣೆಯಲ್ಲಿ ತೇಲುತ್ತ ಅದು. ಆ ಸಾಂಬಲ್ ಇಲ್ಲದಿದ್ದರೆ ನಾನು ಏನಾಗುತ್ತಿದ್ದೆನೋ!

ನ್ಯೂರೆಂಬರ್ಗ್‌ನಲ್ಲಿ ಕೋಟೆ ನೋಡಿದೆವು. ಊರನ್ನು ಸುತ್ತುವರಿದ ದಪ್ಪ ಗೋಡೆ, ಕೆಂಪು ಹೆಂಚಿನ ಕಡಿದಾದ ಚಾವಣಿಗಳು. ಯುದ್ಧದಲ್ಲಿ ಇದೆಲ್ಲ ಬಹುಪಾಲು ನೆಲಸಮವಾಗಿತ್ತು, ಕಲ್ಲಿನ ಮೇಲೆ ಕಲ್ಲಿಟ್ಟು ಮತ್ತೆ ಹಾಗೆಯೇ ಕಟ್ಟಿದರು ಎಂದು ಗೈಡ್ ಹೇಳಿದಳು. ಎಷ್ಟು ನೋಡಿದರೂ ಯಾವುದು ಹಳತು, ಯಾವುದು ಹೊಸತು ಎಂದು ನನಗೆ ತಿಳಿಯಲಿಲ್ಲ. ಆಂಟಿ ಮಾತ್ರ ಇಡೀ ದಿನ ಗುಂಪಿನ ಹಿಂದೆಯೇ ಉಳಿದರು. ಶುಂಠಿ ಬಿಸ್ಕತ್ತು ಮಾರುವ ಅಂಗಡಿಯಲ್ಲಿ ಮುದುಕನೊಬ್ಬ ಅವರನ್ನು ಜರ್ಮನ್‌ನಲ್ಲಿ ಏನೋ ಕೇಳಿದ. ಆಂಟಿ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಬೇಗನೆ ಹೊರಗೆ ಬಂದುಬಿಟ್ಟರು.

"ಅವರ ಭಾಷೆಯಲ್ಲೇ ಮಾತಾಡಬಹುದಿತ್ತಲ್ಲ ಆಂಟಿ" ಎಂದೆ.

"ಮರ್ತು ಹೋಗಿದೆ ಮಗಾ. ಕಿವಿಗೆ ಕೇಳ್ತದೆ, ನಾಲಿಗೆಗೆ ಬರುದಿಲ್ಲ. ತಪ್ಪು ತಪ್ಪು ಮಾತಾಡಿ ನಗೆಪಾಟಲು ಆಗುದು ಎಂತಕ್ಕೆ?"

ಅವರ ಮುಖ ನೋಡಿ ಮತ್ತೆ ಒತ್ತಾಯ ಮಾಡಲಿಲ್ಲ. ಬಂದದ್ದೇ ತಪ್ಪಾಯಿತೇನೋ ಎಂದು ಅವರಿಗೆ ಅನಿಸುತ್ತಿದೆಯೆಂದು ನನಗೆ ಅನುಮಾನ. ಆ ನಾಡು ಅವರನ್ನು ಗುರುತಿಸಲಿಲ್ಲ, ಅವರಿಗೂ ಅದರ ಜೊತೆ ಮಾತು ಬೆಳೆಸಲು ಆಗಲಿಲ್ಲ. ಹಡಗಿನ ಕಿಟಕಿಯ ಬಳಿ ಕೂತು, ಹಸಿರು ದಂಡೆ ಹಿಂದೆ ಸರಿಯುವುದನ್ನು ಸುಮ್ಮನೆ ನೋಡುತ್ತಿದ್ದರು.

ಮರುದಿನ ಬಾಂಬೆರ್ಗ್. ಹಡಗು ಊರ ಹೊರಗೆ ನಿಂತಿತು. ಬಸ್ಸಿನಲ್ಲಿ ಹಳೆಯ ಪೇಟೆಗೆ ಕರೆದೊಯ್ದರು. ಅಲ್ಲಿನ ಹಳೆಯ ಪುರಭವನ ಹೊಳೆಯ ನಟ್ಟನಡುವೆ, ಸೇತುವೆಯ ಮೇಲೆಯೇ ನಿಂತಿದೆ. ಗೋಡೆಗಳ ತುಂಬ ಚಿತ್ರಗಳು. ಅದರಲ್ಲೊಬ್ಬ ಪುಟ್ಟ ದೇವದೂತನ ಕಾಲು ಮಾತ್ರ ಚಿತ್ರದಿಂದ ನಿಜವಾಗಿಯೂ ಹೊರಕ್ಕೆ ಚಾಚಿಕೊಂಡಿದೆ, ಕಲ್ಲಿನ ಕಾಲು. ಅದನ್ನು ಕಂಡು ಆಂಟಿ ಆ ಪ್ರವಾಸದಲ್ಲಿ ಮೊದಲ ಬಾರಿ ಜೋರಾಗಿ ನಕ್ಕರು. "ಇಳಿದು ಬರ್ಲಿಕ್ಕೆ ನೋಡ್ತಾ ಉಂಟು ಪಾಪ!" ಎಂದರು. ಅವರು ನಕ್ಕದ್ದಕ್ಕೇ ನನಗೆ ಎಷ್ಟು ಖುಷಿಯಾಯಿತೆಂದರೆ, ಅವರ ಫೋಟೋ ತೆಗೆಯಬೇಕೆಂದು ಫೋನ್ ಹಿಡಿದು ಹಿಂದೆ ಹಿಂದೆ ಸರಿದೆ. ಉರುಟು ಕಲ್ಲುಗಳನ್ನು ಹಾಸಿದ ಬೀದಿ. ಬೆಳಿಗ್ಗೆ ತುಂತುರು ಹನಿದು ಒದ್ದೆಯಾಗಿತ್ತು. ಕಾಲು ಜಾರಿದ್ದು ಗೊತ್ತಾಯಿತು, ಬಲಗೈ ಊರಿದ್ದು ಗೊತ್ತಾಯಿತು. ಎದ್ದು ಕೂತು ನೋಡಿದರೆ ಮಣಿಕಟ್ಟು ಊಟದ ಫೋರ್ಕಿನ ಹಾಗೆ ಸೊಟ್ಟಗಾಗಿತ್ತು. ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವವಳಿಗೆ ಮೂಳೆ ಮುರಿದಿದೆಯೆಂದು ಯಾರೂ ಹೇಳಬೇಕಾಗಿರಲಿಲ್ಲ. ಕಣ್ಣು ಕತ್ತಲಿಟ್ಟಿತು.

ಸುತ್ತ ಜನ ಸೇರಿದರು. ಗೈಡ್ ಉಳಿದವರೊಂದಿಗೆ ಮುಂದೆ ಹೋಗಿಬಿಟ್ಟಿದ್ದಳು. ಆಗ ಆಂಟಿ ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿ, ನೋಯುವ ಆ ಮಂಡಿಯನ್ನೇ ನೆಲಕ್ಕೂರಿ ನನ್ನ ಪಕ್ಕ ಕೂತರು. ತಮ್ಮ ದುಪಟ್ಟಾದಿಂದ ನನ್ನ ಕೈಯನ್ನು ಅಲುಗದಂತೆ ಎದೆಗೆ ಕಟ್ಟಿದರು. ತಲೆಯೆತ್ತಿ, ಅಲ್ಲಿ ನಿಂತಿದ್ದ ಒಬ್ಬ ಹೆಂಗಸಿಗೆ ಜರ್ಮನ್‌ನಲ್ಲಿ ಏನೋ ಹೇಳಿದರು. ತಡವರಿಸಲಿಲ್ಲ, ಯೋಚಿಸಲೂ ಇಲ್ಲ. ವಾರ್ಡಿನಲ್ಲಿ ಕಿರಿಯ ನರ್ಸ್‌ಗೆ ಕೆಲಸ ಹೇಳುವವರ ಗತ್ತು ಆ ದನಿಯಲ್ಲಿತ್ತು. ಆ ಹೆಂಗಸು ಕೂಡಲೇ ಎದುರಿನ ಅಂಗಡಿಗೆ ಓಡಿ ಕುರ್ಚಿ ತಂದಳು. ಇನ್ನೊಬ್ಬ ಗಂಡಸು ಆಂಬ್ಯುಲೆನ್ಸ್‌ಗೆ ಫೋನ್ ಮಾಡಿದ. ಮೂರನೆಯವರು ನೀರು ತಂದರು.

"ಆಂಟಿ, ನೀವು ಮಾತಾಡ್ತಿದೀರಿ" ಎಂದೆ, ಅಷ್ಟು ನೋವಿನಲ್ಲಿಯೂ.

"ಸುಮ್ನಿರು. ಕೈ ಅಲ್ಲಾಡಿಸ್ಬೇಡ" ಎಂದು ಗದರಿದರು.

ಆಸ್ಪತ್ರೆಯಲ್ಲಿ ನನ್ನ ಪರವಾಗಿ ಮಾತಾಡಿದ್ದೆಲ್ಲ ಅವರೇ. ಹೇಗೆ ಬಿದ್ದಳು, ಏನು ತಿಂದಿದ್ದಾಳೆ, ಯಾವ ಔಷಧಿ ಆಗುವುದಿಲ್ಲ ಎಲ್ಲ. ಮಧ್ಯೆ ಮಧ್ಯೆ ಒಂದು ಪದ ಸಿಗದೆ ನಿಲ್ಲುತ್ತಿದ್ದರು. ಆಗ ಕೈಯಲ್ಲಿ ಅಭಿನಯ ಮಾಡುತ್ತಿದ್ದರು, ಎದುರಿನವರು ಪದ ಕೊಡುತ್ತಿದ್ದರು, ಆಂಟಿ ಅದನ್ನು ಎರಡು ಸಲ ಹೇಳಿಕೊಂಡು ಮುಂದುವರಿಯುತ್ತಿದ್ದರು. ಅಲ್ಲಿದ್ದ ಯುವ ನರ್ಸ್ ಸ್ವಲ್ಪ ಹೊತ್ತು ಬೆರಗಿನಿಂದ ಕೇಳಿಸಿಕೊಂಡು, ಏನೋ ಹೇಳಿ ನಕ್ಕಳು. ಆಂಟಿ ಸಣ್ಣ ಹುಡುಗಿಯ ಹಾಗೆ ಕೆಂಪಾದರು.

"ಏನಂತೆ?" ಎಂದು ಕೇಳಿದೆ.

"ನಾನು ಅವಳ ಅಜ್ಜಿಯ ಹಾಗೆ ಮಾತಾಡ್ತೇನಂತೆ. ಆ ಪದಗಳನ್ನೆಲ್ಲ ಈಗ ಯಾರೂ ಹೇಳುದಿಲ್ಲವಂತೆ. ಅದೂ ಇಲ್ಲಿಯ ಹಳ್ಳಿಯವರ ರಾಗದಲ್ಲೇ ಉಂಟಂತೆ ನನ್ನ ಮಾತು. ಕಿವಿಗೆ ಹಿತ ಆಯ್ತಂತೆ."

ಡಾಕ್ಟರ್ ಇಂಜೆಕ್ಷನ್ ಕೊಟ್ಟು, ಮೂಳೆ ಎಳೆದು ಕೂರಿಸಿ, ಪ್ಲಾಸ್ಟರ್ ಹಾಕಿದ. ಎಳೆಯುವಾಗ ಆಂಟಿ ನನ್ನ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿ ಹಿಡಿದುಕೊಂಡಿದ್ದರು. ಮಗಳಿಗೆ ಚುಚ್ಚುಮದ್ದು ಹಾಕಿಸುವಾಗ ಹಿಡಿಯುತ್ತಿದ್ದ ಹಾಗೆಯೇ. ನನಗೆ ಅಳು ಬಂತು. ನೋವಿಗೆ ಅಳುತ್ತಿದ್ದೇನೆಂದು ಡಾಕ್ಟರ್ ಇನ್ನಷ್ಟು ಸಮಾಧಾನ ಹೇಳಿದ.

ಅಷ್ಟರಲ್ಲಿ ಹಡಗು ಹೊರಡುವ ಹೊತ್ತು ಮೀರಿತ್ತು. ಹಡಗಿನವರು ಫೋನ್ ಮಾಡಿ, ಊರಿನಲ್ಲೇ ಒಂದು ಸಣ್ಣ ವಸತಿಗೃಹ ಗೊತ್ತುಮಾಡಿದ್ದೇವೆ, ನಾಳೆ ರೈಲಿನಲ್ಲಿ ವ್ಯೂರ್ಟ್ಸ್‌ಬುರ್ಗ್‌ಗೆ ಬನ್ನಿ, ಅಲ್ಲಿ ನಿಮ್ಮನ್ನು ಹತ್ತಿಸಿಕೊಳ್ಳುತ್ತೇವೆ ಎಂದರು. ರೈಲಿಗೆ ಹೆಚ್ಚೆಂದರೆ ಗಂಟೆಯ ದಾರಿ, ಹಡಗಿಗೆ, ನೀರಿನ ಮಟ್ಟ ಏರಿಳಿಸಿ ದಾಟಿಸುವ ಅಷ್ಟೊಂದು ತೂಬುಗಳನ್ನು ದಾಟಿ ಬರಲು ಮರುದಿನವಾಗುತ್ತದೆ. ನನ್ನ ಗಂಡನಿಗೆ ಫೋನ್ ಮಾಡಿದೆ. "ವಾಪಸ್ ಬಂದ್ಬಿಡು, ಟಿಕೆಟ್ ನೋಡ್ತೀನಿ" ಎಂದರು ಅವರು, ಗಾಬರಿಯಿಂದ. ಆಂಟಿ ಫೋನ್ ಇಸಿದುಕೊಂಡರು. "ಎಂತಕ್ಕೆ ವಾಪಸ್? ಕೈ ತಾನೇ ಮುರಿದದ್ದು, ಕಾಲಲ್ಲವಲ್ಲ. ನಾನಿದ್ದೇನೆ. ನೀವು ಊಟ ಮಾಡಿ ಮಲಗಿ." ಅಲ್ಲಿಗೆ ಆ ಚರ್ಚೆ ಮುಗಿಯಿತು.

ವಸತಿಗೃಹದ ಒಡತಿಯ ಜೊತೆ ಆಂಟಿ ಅಡುಗೆಮನೆಗೇ ಹೋಗಿಬಿಟ್ಟರು. ಇವಳು ಮಾಂಸ ಮೀನು ಏನೂ ತಿನ್ನುವವಳಲ್ಲ ಎಂದು ಹೇಳಿ, ಬಿಸಿ ಆಲೂಗಡ್ಡೆ, ಬೆಣ್ಣೆ, ಮೊಸರು, ಸೌತೆಕಾಯಿ ಹೊಂದಿಸಿಕೊಂಡು ತಟ್ಟೆ ಹಿಡಿದು ಬಂದರು. ನಾನು ಎಡಗೈಯಲ್ಲಿ ಚಮಚ ಹಿಡಿಯಲು ಒದ್ದಾಡುವುದನ್ನು ನೋಡಿ ತಾವೇ ಕಲಸಿ ತಿನ್ನಿಸತೊಡಗಿದರು.

"ನಿಮ್ಮನ್ನ ನೋಡ್ಕೊಳ್ಳೋಕೆ ಅಂತ ಬಂದೆ ಆಂಟಿ ನಾನು" ಎಂದೆ.

"ಬಾಯಿ ತೆಗಿ ನೀನು."

ಬೆಳಿಗ್ಗೆ ನನಗೆ ಸ್ನಾನ ಮಾಡಿಸಿದರು, ತಲೆ ಬಾಚಿ ಜಡೆ ಹಾಕಿದರು, ಅಂಗಿಯ ತೋಳಿನ ಹೊಲಿಗೆ ಬಿಚ್ಚಿ ಪ್ಲಾಸ್ಟರಿನ ಮೇಲೆ ಇಳಿಸಿದರು. ರೈಲಿನಲ್ಲಿ ಎದುರು ಕೂತವರಿಗೆ "ಗ್ರೂಸ್ ಗೋಟ್" ಎಂದರು. ದೇವರ ಹೆಸರು ಹೇಳಿ ಮಾಡುವ ನಮಸ್ಕಾರ ಅದು, ಆ ಕಡೆಯ ರೂಢಿ. ಎದುರಿನವರು ಮುಖವರಳಿಸಿ ಮರಳಿ ಅದನ್ನೇ ಹೇಳಿದರು. ಇಳಿಯುವವರೆಗೂ ಅವರ ಮಾತು ನಿಲ್ಲಲಿಲ್ಲ. ನನಗೆ ಒಂದು ಪದವೂ ತಿಳಿಯಲಿಲ್ಲ, ಆದರೂ ಅಷ್ಟು ಹಿತವಾದ ರೈಲು ಪ್ರಯಾಣವನ್ನು ನಾನು ಮಾಡಿದ್ದಿಲ್ಲ.

ವ್ಯೂರ್ಟ್ಸ್‌ಬುರ್ಗ್‌ನಲ್ಲಿ ಹಡಗು ಬರಲು ಇನ್ನೂ ತುಂಬ ಹೊತ್ತಿತ್ತು. ನಿಮ್ಮ ಆಸ್ಪತ್ರೆ ನೋಡೋಣವೇ ಎಂದು ಕೇಳಿದೆ.

"ನಿನ್ನೆ ನೋಡಿದ ಆಸ್ಪತ್ರೆ ಸಾಲದಾ ನಿನಗೆ? ಸೇತುವೆಗೆ ಹೋಗುವ" ಎಂದರು.

ಅದು ಊರಿನ ಹಳೆಯ ಕಲ್ಲುಸೇತುವೆ. ವಾಹನಗಳಿಲ್ಲ. ಎರಡೂ ಬದಿಗೆ ಸಂತರ ದೊಡ್ಡ ದೊಡ್ಡ ಕಲ್ಲಿನ ಮೂರ್ತಿಗಳು, ಆಚೆ ದಡದ ಗುಡ್ಡದ ಮೇಲೆ ಕೋಟೆ, ಅದರ ಕೆಳಗೆ ಸಾಲುಸಾಲು ದ್ರಾಕ್ಷಿ ತೋಟ. ಜನ ವೈನಿನ ಗ್ಲಾಸು ಹಿಡಿದು ಬಿಸಿಲಿಗೆ ಮೈಯೊಡ್ಡಿ ನಿಂತಿದ್ದರು. ಒಬ್ಬ ಸಂತನ ಪಾದದ ಬಳಿಯ ಮೆಟ್ಟಿಲಿನಲ್ಲಿ ಆಂಟಿ ನನ್ನನ್ನು ಕೂರಿಸಿ ತಾವೂ ಕೂತರು. ಭಾನುವಾರ ರಜೆ ಸಿಕ್ಕಾಗ ಮಂಗಳೂರಿನ ಹುಡುಗಿಯರೆಲ್ಲ ಇಲ್ಲಿಗೆ ಬರುತ್ತಿದ್ದರಂತೆ. ಕೈಯಲ್ಲಿ ವೈನೂ ಇಲ್ಲ, ಏನೂ ಇಲ್ಲ. ಸುಮ್ಮನೆ ಈ ತುದಿಯಿಂದ ಆ ತುದಿಗೆ ಕೊಂಕಣಿ ಮಾತಾಡಿಕೊಂಡು ನಡೆಯುವುದು.

"ಭಾಷೆ ಯಾರು ಕಲಿಸಿದ್ರು ಆಂಟಿ ನಿಮಗೆ?"

"ಕ್ಲಾಸ್ ಇತ್ತು. ಅದರಲ್ಲಿ ಎಂತದೂ ಬರ್ಲಿಲ್ಲ. ನನ್ನ ವಾರ್ಡಿನಲ್ಲಿ ಒಂದು ಅಜ್ಜಿ ಇತ್ತು, ಸೊಂಟ ಮುರಿದು ಮಲಗಿತ್ತು. ಯುದ್ಧದಲ್ಲಿ ಬಾಂಬ್ ಬಿದ್ದು ಅದರ ಮನೆ ಹೋಗಿತ್ತಂತೆ, ಮನೆಯಲ್ಲಿದ್ದವರೂ ಹೋಗಿದ್ರಂತೆ. ಯಾರ ಹತ್ರವೂ ಮಾತಾಡ್ತಿರ್ಲಿಲ್ಲ. ನಾನು ಮೊದಲನೇ ಚಳಿಗಾಲದಲ್ಲಿ ದಿನಾ ಅಳ್ತಾ ಕೆಲಸ ಮಾಡ್ತಿದ್ದೆ. ಒಂದು ದಿನ ಅದು ನನ್ನ ಕೈ ಹಿಡಿದು, ಚಮಚ ತೋರಿಸಿ ಹೆಸರು ಹೇಳಿತು. ನಾನು ಹೇಳಿದೆ. ಆಮೇಲೆ ದಿಂಬು. ಆಮೇಲೆ ಕಿಟಕಿ, ಹಿಮ. ತಪ್ಪಾದ್ರೆ ಸರಿ ಆಗುವವರೆಗೆ ಬಿಡ್ತಿರ್ಲಿಲ್ಲ. ಹಾಗೆ ಇಡೀ ಚಳಿಗಾಲ."

"ಆಮೇಲೆ?"

"ಹಿಮ ಕರಗಿದ ಮೇಲೆ ಯಾರೋ ಸಂಬಂಧಿಕರು ಬಂದು ಕರ್ಕೊಂಡು ಹೋದ್ರು. ಮತ್ತೆ ಸಿಗ್ಲಿಲ್ಲ. ಥ್ಯಾಂಕ್ಸ್ ಅಂತ ಹೇಳಿದೆ ನಾನು. ಆ ಪದ ಗೊತ್ತಿತ್ತು ನನಗೆ. ಆದ್ರೆ ಅಷ್ಟೇ ಗೊತ್ತಿದ್ದದ್ದು. ಹೇಳ್ಬೇಕಾದದ್ದು ಅದಕ್ಕಿಂತ ಎಷ್ಟೋ ಜಾಸ್ತಿ ಇತ್ತು."

ಯುವ ನರ್ಸ್ ಅಜ್ಜಿಯ ಮಾತು ಎಂದದ್ದು ಏಕೆಂದು ನನಗೆ ಆಗ ಅರ್ಥವಾಯಿತು. ನಾನು ನನ್ನ ಎಡಗೈಯನ್ನು ಅವರ ಮಡಿಲಲ್ಲಿಟ್ಟೆ. ಮಗಳನ್ನು ಸಾಕಿಕೊಟ್ಟದ್ದಕ್ಕೆ ಇಷ್ಟು ವರ್ಷ ಹೇಳದೆ ಉಳಿದಿದ್ದನ್ನೆಲ್ಲ ಅವತ್ತು ಅಲ್ಲಿ ಹೇಳಿದೆ. ಚೆನ್ನಾಗೇನೂ ಹೇಳಲಿಲ್ಲ. ಯಾವಾಗಲೂ ಮಾತು ತೇಲಿಸಿಬಿಡುವ ಆಂಟಿ ಅಂದು ತೇಲಿಸಲಿಲ್ಲ. ಪೂರ್ತಿ ಕೇಳಿದರು.

"ಆ ಮಗು ನನ್ನ ಮನೆಗೆ ಬರುವ ಮೊದಲು," ಎಂದರು ನಿಧಾನವಾಗಿ, "ಗಂಡ ಹೋದ ಮೇಲೆ, ನಾನು ಬೆಳಿಗ್ಗೆ ಎದ್ದು ಎಂತ ಮಾಡುದು ಅಂತ ಗೊತ್ತಾಗದೆ ಹಾಸಿಗೆಯಲ್ಲೇ ಇರ್ತಿದ್ದೆ. ನೀನು ಅದನ್ನು ಗೋಡೆ ದಾಟಿಸಿ ಕೊಟ್ಟೆ. ಅದಕ್ಕೆ ನಾನು ನಿನಗೆ ಹೇಳ್ಬೇಕಾದದ್ದು ಉಂಟು."

ನಾವಿಬ್ಬರೂ ಕಣ್ಣೊರೆಸಿಕೊಳ್ಳುತ್ತಿದ್ದಾಗ ಸೇತುವೆಯ ಮೇಲಿದ್ದ ಜನರೆಲ್ಲ ಒಂದು ಬದಿಗೆ ಬಾಗಿ ನೋಡತೊಡಗಿದರು. ಎದ್ದು ನೋಡಿದರೆ ನಮ್ಮ ಹಡಗೇ! ಸೇತುವೆಗೆ ತಾಗಿಕೊಂಡೇ ಅಲ್ಲಿ ಒಂದು ತೂಬು ಇದೆ. ಮೇಲಿನ ಮಟ್ಟದಿಂದ ಬಂದ ಹಡಗು ಕಲ್ಲಿನ ಆ ಇಕ್ಕಟ್ಟಿನೊಳಗೆ ನುಸುಳಿ, ನೀರಿನೊಂದಿಗೆ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಮುಂಭಾಗದ ಡೆಕ್ಕಿನಲ್ಲಿ ಇಪೋ ದಂಪತಿ ನಿಂತಿದ್ದರು. ಆ ಹೆಂಗಸಿಗೆ ನಮ್ಮ ಗುರುತು ಸಿಕ್ಕಿಬಿಟ್ಟಿತು.

"ಆಂಟೀ! ತಾಂಗಾನ್ ಓಕೆ ಆ?" ಎಂದು ತಮ್ಮ ಕೈಯನ್ನು ತೋರಿಸುತ್ತ, ಮಲಯ್ ಭಾಷೆಯಲ್ಲಿ ನನ್ನ ಕೈಯ ಕ್ಷೇಮ ವಿಚಾರಿಸಿ ಕೂಗಿದರು. ನಾನು ಪ್ಲಾಸ್ಟರ್ ಎತ್ತಿ ತೋರಿಸಿದೆ. ಹಡಗಿನ ಜನರೆಲ್ಲ ಚಪ್ಪಾಳೆ ತಟ್ಟಿದರು. ಸೇತುವೆಯ ಮೇಲೆ ವೈನ್ ಹಿಡಿದಿದ್ದವರಿಗೆ ಏನೂ ತಿಳಿಯದಿದ್ದರೂ ಅವರೂ ತಟ್ಟಿದರು. ಆಂಟಿ ಪಕ್ಕದವರಿಗೆ ಕಥೆಯನ್ನೆಲ್ಲ ಜರ್ಮನ್‌ನಲ್ಲಿ ಹೇಳಲು ಶುರುಮಾಡಿಬಿಟ್ಟಿದ್ದರು.

ಅಲ್ಲಿಂದ ಮುಂದಿನ ಪ್ರವಾಸವೆಲ್ಲ ನಾನು ಇನ್ನೊಬ್ಬರ ಕೈಯಲ್ಲಿ ಬದುಕಿದೆ. ಬಡಿಸುವ ಹುಡುಗಿ ಕೇಳದೆಯೇ ಎಲ್ಲವನ್ನೂ ತುಂಡು ಮಾಡಿ ತರುತ್ತಿದ್ದಳು. ಇಪೋದ ಹೆಂಗಸು ಶೂ ಲೇಸ್ ಕಟ್ಟುತ್ತಿದ್ದರು, ಅವರ ಗಂಡ ನನ್ನ ಚೀಲ ಹೊರುತ್ತಿದ್ದರು. ರೈನ್ ನದಿಯ ಎರಡೂ ಕಡೆ ಒಂದಾದ ಮೇಲೊಂದು ಪಾಳುಕೋಟೆಗಳು ಬಂದು ಹೋದವು. ಹಿಂದೆಯಾಗಿದ್ದರೆ ಹೀಗೆ ಕೈಚೆಲ್ಲಿ ಕೂರಲು ನನಗೆ ಸಂಕೋಚದಿಂದ ಜೀವ ಹೋಗುತ್ತಿತ್ತು. ಸೇತುವೆಯ ಮೇಲೆ ಆಂಟಿ ಹೇಳಿದ್ದನ್ನು ಕೇಳಿದ ಮೇಲೆ ಕೊಡುವವರಿಗೂ ಏನೋ ಸಿಗುತ್ತದೆ ಎಂದು ನಂಬಿ, ನಗುನಗುತ್ತ ಕೊಟ್ಟದ್ದನ್ನೆಲ್ಲ ತೆಗೆದುಕೊಂಡೆ. ಕಲೋನ್‌ನ ಆ ಮಹಾ ಚರ್ಚಿನಲ್ಲಿ ಆಂಟಿ ಒಂದು ಮೇಣದ ಬತ್ತಿ ಹಚ್ಚಿದರು. ಯಾರಿಗೆಂದು ಹೇಳಲಿಲ್ಲ. ಹೆಸರು ನೆನಪಿಲ್ಲ, ಆದರೆ ದೇವರಿಗೆ ಗೊತ್ತಿರ್ತದೆ ಎಂದಷ್ಟೇ ಅಂದರು.

ಮೆಲಾಕಾಕ್ಕೆ ಮರಳಿ ಈಗ ಕೆಲವು ತಿಂಗಳಾದವು. ಕೈ ಕೂಡಿಕೊಂಡಿದೆ; ಬೋರ್ಡಿನ ಮೇಲೆ ಬರೆಯುವಾಗ ಒಮ್ಮೊಮ್ಮೆ ಹಿಡಿದುಕೊಳ್ಳುತ್ತದೆ, ಅಷ್ಟೇ. ಭಾನುವಾರ ಆಂಟಿಯನ್ನು ಚರ್ಚಿನಿಂದ ಕರೆದುಕೊಂಡು ಬರಲು ಹೋದರೆ ಬೇಗ ಮನೆ ಸೇರುವ ಮಾತೇ ಇಲ್ಲ. ಕೆಂಪು ಕಟ್ಟಡಗಳ ಚೌಕದಲ್ಲಿ ಬೆನ್ನಚೀಲ ಹೊತ್ತು, ಬಿಸಿಲಿಗೆ ಕೆಂಪಾಗಿ ನಿಂತ ಜರ್ಮನ್ ಹುಡುಗ ಹುಡುಗಿಯರ ಮಾತು ಕಿವಿಗೆ ಬಿದ್ದರೆ ಸಾಕು, ಆಂಟಿ ನೇರವಾಗಿ ಅವರ ಬಳಿಗೆ ಹೋಗುತ್ತಾರೆ. ಆ ಮಕ್ಕಳು ಬೆಚ್ಚಿ ನೋಡುತ್ತಾರೆ, ಆಮೇಲೆ ಕರಗಿಹೋಗುತ್ತಾರೆ. ಎಲ್ಲಿ ಊಟ ಮಾಡಬೇಕು, ಯಾವ ಅಂಗಡಿಯ ತೆಂಗಿನಹಾಲಿನ ಸೆಂಡೋಲ್ ತಣ್ಣಗಿರುತ್ತದೆ, ತಲೆಗೆ ಟೋಪಿ ಯಾಕೆ ಹಾಕಿಲ್ಲ, ಎಲ್ಲ ಆಗಬೇಕು. ಕಳೆದ ವಾರ ಹಾಗೆ ಸಿಕ್ಕ ಇಬ್ಬರನ್ನು ಮನೆಗೇ ಕರೆದು ಊಟಕ್ಕೆ ಕೂರಿಸಿದರು. ಮಗಳೂ ಬಾಂಗ್ಸಾರ್‌ನಿಂದ ಬಂದಿದ್ದಳು. ಆಂಟಿ ಒಂದೊಂದೇ ಪಾತ್ರೆ ತೋರಿಸಿ, ಅನ್ನ, ಸಾರು, ಹಪ್ಪಳ ಎಂದು ಅವರ ಬಾಯಿಂದ ಹೇಳಿಸುತ್ತಿದ್ದರು. ತಪ್ಪಾದರೆ, ಸರಿಯಾಗುವವರೆಗೆ ಬಡಿಸುತ್ತಿರಲಿಲ್ಲ.